ಒಬ್ಬರೇ ಶುರು ಮಾಡುವವರಿಗೆ ಯಾವ ಗೇಮ್?

ಜೊತೆಗೆ ಆಡಲು ಗೆಳೆಯರಿಲ್ಲ, ತುಂಬಾ ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್‌ಗಳಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಲಾ, ಫೈನಲ್ ಫ್ಯಾಂಟಸಿ 14 ಆಡಲಾ ಅಂತ ಕೇಳಿದ್ದೀರಿ. ನನ್ನ ವೋಟು ಎರಡನೆಯದಕ್ಕೆ. ಅಲ್ಲಿ ಹೊಸಬರ ಹೆಸರಿನ ಪಕ್ಕ ಪುಟ್ಟ ಹಸಿರು ಮೊಳಕೆಯ ಗುರುತು ಇರುತ್ತದೆ. ಡಂಜನ್‌ಗೆ (ತಂಡವಾಗಿ ಶತ್ರುಗಳನ್ನು ಎದುರಿಸುವ ಜಾಗ) ಮೊದಲ ಸಲ ಬಂದವರು ತಂಡದಲ್ಲಿದ್ದರೆ ಉಳಿದವರಿಗೆ ಬೋನಸ್ ಸಿಗುತ್ತದೆ. ಹಾಗಾಗಿ ದಾರಿ ತಪ್ಪಿದರೂ ಬೈಯುವವರು ಕಮ್ಮಿ. ಸುಮ್ನೆ ಒಳ್ಳೆತನ ಅಲ್ಲ, ಲಾಭವೂ ಇದೆ ನೋಡಿ!

ವಾರ್‌ಕ್ರಾಫ್ಟ್‌ನ ಮಿಥಿಕ್ ಪ್ಲಸ್‌ನಲ್ಲಿ, ಅಂದರೆ ಐವರ ತಂಡ ಆಡುವ ಕಠಿಣ ಡಂಜನ್‌ಗಳಲ್ಲಿ, ಗಡಿಯಾರ ಓಡುತ್ತಿರುತ್ತದೆ. ಒಬ್ಬರು ಸತ್ತರೂ ಐವರಿಗೂ ಸಮಯ ಕಡಿತ. ತಾಳ್ಮೆ ಬೇಗ ಕೆಡುತ್ತದೆ. ಆದರೆ ಒಳ್ಳೆ ಗಿಲ್ಡ್ (ಆಟಗಾರರ ಸಂಘ) ಸಿಕ್ಕರೆ ಅದರ ಮಜಾನೇ ಬೇರೆ.

ಫೈನಲ್ ಫ್ಯಾಂಟಸಿಯ ಉಚಿತ ಟ್ರಯಲ್ ಅನ್ನು 2023ರಲ್ಲಿ 70ನೇ ಲೆವೆಲ್ ತನಕ ವಿಸ್ತರಿಸಿದರು, ಅವಧಿಯ ಮಿತಿಯೂ ಇಲ್ಲ. ಮೊದಲು ಅದನ್ನೇ ಆಡಿ ನೋಡಿ.