ನಮ್ಮೂರ ಶಾಲೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆಂದು ಎರಡು ಲಕ್ಷ ರೂಪಾಯಿ ಒಟ್ಟುಮಾಡಿದ್ದೇವೆ. ಸ್ಮಾರ್ಟ್ ಬೋರ್ಡ್ ಕೊಡಿಸಬಹುದೇ?
– ಹಳೆಯ ವಿದ್ಯಾರ್ಥಿಗಳ ಬಳಗ, ಕೊಪ್ಪಳ ಜಿಲ್ಲೆ

ಈಗಲೇ ಬೇಡ. ಮೊದಲು ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ನಾಲ್ಕು–ಐದನೆಯ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ನೋಡಿ. ಒಂದರಿಂದ ಮೂರರವರೆಗೆ ನಲಿ-ಕಲಿಯಲ್ಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಪ್ರತಿ ಮಗುವೂ ತಾನಿದ್ದ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ನಾಲ್ಕಕ್ಕೆ ಬಂದೊಡನೆ ಎಲ್ಲರ ಕೈಗೂ ಒಂದೇ ಪುಸ್ತಕ. ಹಿಂದುಳಿದವರು ಸುಮ್ಮನಾಗುವುದು ಅಲ್ಲಿಯೇ.

ಪರೀಕ್ಷೆಗೆ ಒಂದು ಹಾಳೆ ಸಾಕು. ಹತ್ತು ಬಿಡಿ ಅಕ್ಷರ, ಹತ್ತು ಸರಳ ಪದ, ನಾಲ್ಕು ಸಣ್ಣ ವಾಕ್ಯ, ಎಂಟು-ಹತ್ತು ಸಾಲಿನ ಒಂದು ಕಥೆ ಬರೆದುಕೊಳ್ಳಿ. ಪಠ್ಯಪುಸ್ತಕದಿಂದ ಎತ್ತಬೇಡಿ, ಪಾಠ ಬಾಯಿಪಾಠವಾಗಿರುತ್ತದೆ, ಪುಸ್ತಕ ತಲೆಕೆಳಗಾಗಿದ್ದರೂ ‘ಓದುವ’ ಮಕ್ಕಳಿದ್ದಾರೆ! ಒಬ್ಬೊಬ್ಬರನ್ನೇ ಕೂರಿಸಿಕೊಂಡು ವಾಕ್ಯಗಳಿಂದ ಶುರುಮಾಡಿ. ಮೂರಕ್ಕಿಂತ ಹೆಚ್ಚು ತಪ್ಪಾದರೆ ಪದಕ್ಕೆ ಇಳಿಯಿರಿ. ಯಾವುದಾದರೂ ಐದು ಪದ ಓದಿಸಿ, ನಾಲ್ಕಾದರೂ ಸರಿಯಾಗದಿದ್ದರೆ ಅಕ್ಷರಕ್ಕೆ. ವಾಕ್ಯ ಸಲೀಸಾದರೆ ಕಥೆ ಕೊಡಿ. ‘ಮರ’, ‘ಬಸವ’ ಓದಿದ ಮಗು ‘ಹಣ್ಣು’, ‘ಕತ್ತೆ’ ಬಂದಾಗ ತಡವರಿಸಿದರೆ ತೊಡಕಿರುವುದು ಒತ್ತಕ್ಷರದಲ್ಲಿ. ಕಾಗುಣಿತದಲ್ಲೇ ಎಡವುವವರ ಗುಂಪು ಬೇರೆ. ಇಬ್ಬರಿಗೂ ಒಂದೇ ಮದ್ದು ನಡೆಯುವುದಿಲ್ಲ.

ಆಮೇಲೆ ತರಗತಿ ಮರೆತು, ಓದಿನ ಮಟ್ಟ ನೋಡಿ ಗುಂಪು ಮಾಡಿ, ದಿನಕ್ಕೆ ಒಂದು ತಾಸು ಓದಿಸಬೇಕು. ಪ್ರತಿ ಗುಂಪಿಗೂ ಒಬ್ಬರು ಬೇಕು. ಶಿಕ್ಷಕರು ಸಾಲದಿದ್ದರೆ ಊರಲ್ಲೇ ಪಿಯುಸಿ ಓದಿದ ಹೆಣ್ಣುಮಗಳೊಬ್ಬಳಿಗೆ ಇಡೀ ಶೈಕ್ಷಣಿಕ ವರ್ಷದ ಗೌರವಧನವನ್ನು ನಿಮ್ಮ ಹಣದಲ್ಲಿ ಮೊದಲೇ ತೆಗೆದಿಡಿ. ಇಂಥ ಕೆಲಸ ನಡುವೆ ನಿಲ್ಲುವುದು ಬಹುಮಟ್ಟಿಗೆ ಗೌರವಧನ ನಿಂತಾಗ. ಕಥೆಪುಸ್ತಕ ಕೊಂಡರೆ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಮಕ್ಕಳ ಕೈಗೆಟುಕುವಂತೆ ಹಗ್ಗಕ್ಕೆ ತೂಗುಹಾಕಿ. ಇಷ್ಟಾಗಿಯೂ ಹಣ ಉಳಿದರೆ ಬೋರ್ಡಿನ ಮಾತು. ಆಗಲೂ ಯುಪಿಎಸ್, ಬ್ಯಾಟರಿ, ರಿಪೇರಿ ಖರ್ಚು ಸೇರಿಸಿಯೇ ಲೆಕ್ಕ ಹಾಕಿ.

ಪ್ರಶ್ನೆ: ದಾನಿಗಳು ಕಟ್ಟಿಸಿಕೊಟ್ಟ ಹೆಣ್ಣುಮಕ್ಕಳ ಶೌಚಾಲಯಕ್ಕೆ ಸದಾ ಬೀಗ. ಏನು ಮಾಡೋಣ?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಯಾದಗಿರಿ ಜಿಲ್ಲೆ

ಮೊದಲು ನೀರು ನೋಡಿ. ಪೇಟೆಯ ಸಾಮಾನ್ಯ ಪ್ಯಾನ್ ಹಾಕಿದ್ದರೆ ಒಂದು ಸಲಕ್ಕೆ ಬಕೆಟ್ ನೀರು ಬೇಕು. ಇಳಿಜಾರು ಹೆಚ್ಚಿರುವ, 20 ಮಿ.ಮೀ. ವಾಟರ್ ಸೀಲ್‌ನ (ವಾಸನೆ ತಡೆಯಲು ಕೊಳವೆಯಲ್ಲಿ ನಿಲ್ಲುವ ನೀರು) ಗ್ರಾಮೀಣ ಪ್ಯಾನಿಗೆ ಒಂದೂವರೆಯಿಂದ ಎರಡು ಲೀಟರ್ ಸಾಕು. ಪ್ಯಾನ್, ಅದರ ಕೆಳಗಿನ ಬಾಗಿದ ಕೊಳವೆಯಾದ ಟ್ರ್ಯಾಪ್ ಎರಡನ್ನೂ ಬದಲಿಸಿ. ಟ್ರ್ಯಾಪ್ ಹಳೆಯದೇ ಉಳಿದರೆ ನೀರಿನ ಉಳಿತಾಯವಿಲ್ಲ. ಕೈಕಾಲು ತೊಳೆಯುವುದೂ ಸೇರಿ ತಲೆಗೆ ಐದು ಲೀಟರ್ ಹಿಡಿದರೆ 60 ಹುಡುಗಿಯರಿಗೆ ದಿನಕ್ಕೆ 300 ಲೀಟರ್. 500 ಲೀಟರಿನ ಟ್ಯಾಂಕ್ ಇಡಿ. ನಲ್ಲಿ ಒಳಗೇ ಇರಲಿ, ಬಾಗಿಲಿಗೆ ಒಳಚಿಲಕ, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಬೇಕೇ ಬೇಕು. ತೊಳೆಯಲು ಕೂಲಿ ಕೊಟ್ಟು ಜನ ನೇಮಿಸಿ. ಮಕ್ಕಳಿಂದ, ಅದರಲ್ಲೂ ಜಾತಿ ನೋಡಿ ಆರಿಸಿದ ಮಕ್ಕಳಿಂದ, ತೊಳೆಸಕೂಡದು.

ಪ್ರಶ್ನೆ: ಎಸ್‌ಡಿಎಂಸಿ ಸಭೆ ಬರೀ ಸಹಿಗೆ ಸೀಮಿತ. ಸರಿಪಡಿಸುವುದು ಹೇಗೆ?
– ಪೋಷಕರು, ಚಾಮರಾಜನಗರ ಜಿಲ್ಲೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ಸಂಜೆ ಕರೆಯಿರಿ. ನಡಾವಳಿಯನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಸಹಿ ಹಾಕಿ, ಖಾಲಿ ಪುಟಕ್ಕೆ ಹಾಕಲೇಬೇಡಿ. ಶಾಲಾಭಿವೃದ್ಧಿ ಯೋಜನೆ ಬರೆಯುವುದೂ ಸಮಿತಿಯದೇ ಕೆಲಸ. ಅನುದಾನಕ್ಕೆ ಅದೇ ಆಧಾರವೆಂದು ಕಾಯ್ದೆಯಲ್ಲಿದೆ.