ನೂರು ಬಾಲ್ ಹೊಡೆದ ಮಾತ್ರಕ್ಕೆ ಪ್ರಾಕ್ಟೀಸ್ ಆಗಲ್ಲ

ಪ್ರಶ್ನೆ: ಸರ್, ವಾರಕ್ಕೆ ಮೂರು ದಿನ ಗಾಲ್ಫ್ ರೇಂಜಿಗೆ (ಬರೀ ಬಾಲ್ ಹೊಡೆದು ಪ್ರಾಕ್ಟೀಸ್ ಮಾಡೋ ಜಾಗ) ಹೋಗಿ 100 ಬಾಲ್ ಹೊಡೀತೀನಿ, ಅಲ್ಲಿ ಚೆನ್ನಾಗೇ ಹೋಗುತ್ತೆ. ನಿಜವಾದ ಆಟಕ್ಕೆ ಕೋರ್ಸಿಗೆ ಇಳಿದ್ರೆ ಸ್ಕೋರ್, ಅಂದ್ರೆ ಒಟ್ಟು ಹೊಡೆತ, 100ರ ಕೆಳಗೆ ಬರ್ತಾನೇ ಇಲ್ಲ. ಇನ್ನೂ ಜಾಸ್ತಿ ಹೊಡೀಬೇಕಾ?

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೇ ಈ ಸಲ ಬಿಡಿಸಿ ಬರೀತೀನಿ. ನೀವೆಲ್ಲ ಮಾಡೋದು ಏನಂದ್ರೆ, ಡ್ರೈವರ್ (ದೂರ ಹೊಡೆಯೋ ಕ್ಲಬ್, ಅಂದ್ರೆ ಗಾಲ್ಫ್ ಕೋಲು) ಹಿಡ್ಕೊಂಡು, ಅದೇ ಮ್ಯಾಟ್ ಮೇಲೆ ನಿಂತು, ಹಿಂದಿನ ಬಾಲ್ ನೆಲ ಮುಟ್ಟೋ ಮೊದಲೇ ಇನ್ನೊಂದನ್ನ ಟೀ (ಬಾಲ್ ಕೂರಿಸೋ ಪುಟ್ಟ ಗೂಟ) ಮೇಲೆ ಇಡೋದು. ಹತ್ತನೇ ಬಾಲ್ ಹೊತ್ತಿಗೆ ಕೈಗೆ ಲಯ ಸಿಕ್ಕಿರುತ್ತೆ, ನೆಟ್ಟಗೆ ಹೋಗ್ದೆ ಏನ್ಮಾಡುತ್ತೆ. ಕೋರ್ಸಲ್ಲಿ ಆ ಹತ್ತನೇ ಬಾಲ್ ಯಾರೂ ಕೊಡಲ್ಲ ರೀ, ಒಂದೇ ಡ್ರೈವ್, ಆಮೇಲೆ ನಡಿಗೆ, ಆಮೇಲೆ ಬೇರೆ ಕ್ಲಬ್ಬು, ಕಾಲಡಿ ಇಳಿಜಾರು.

40 ಬಾಲ್ ಸಾಕು. ಮೊದಲ 10 ವೆಡ್ಜಲ್ಲಿ (ಹತ್ತಿರದ ಹೊಡೆತದ ಕ್ಲಬ್), ಮೈ ಸಡಿಲ ಆಗೋಕೆ. ಉಳಿದ 30ರಲ್ಲಿ ಒಂದೇ ಕ್ಲಬ್ ಸತತವಾಗಿ ಎರಡು ಸಲ ಮುಟ್ಟಬಾರ್ದು. ನೀವು ಆಡೋ ಕೋರ್ಸಿನ ಮೊದಲನೇ ಹೋಲ್ (ಟೀಯಿಂದ ಗುಂಡಿವರೆಗಿನ ಒಂದು ಹಂತ) ನೆನೆಸ್ಕೊಳ್ಳಿ, ರೇಂಜಲ್ಲಿ ಎರಡು ಗುರುತು ಹಿಡಿದು ಅದರ ಮಧ್ಯೆನೇ ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಅಂದ್ಕೊಂಡು ಡ್ರೈವ್ ಹೊಡೀರಿ, ಆಮೇಲೆ ಅಲ್ಲಿಂದ ಉಳಿಯೋ ದೂರಕ್ಕೆ ತಕ್ಕ ಐರನ್ (ಮಧ್ಯಮ ದೂರದ ಕ್ಲಬ್), ಗ್ರೀನ್ (ಗುಂಡಿ ಇರೋ ನುಣುಪು ಹುಲ್ಲಿನ ಜಾಗ) ತಪ್ಪಿದ್ರೆ ಒಂದು ಚಿಪ್ (ಚಿಕ್ಕ ಹೊಡೆತ), ಹೀಗೆ ಹೋಲ್ ಹೋಲಾಗಿ ಆಡ್ತಾ ಹೋಗಿ. ಪ್ರತಿ ಸಲ ಬಾಲ್ ಹಿಂದೆ ನಿಂತು ಗುರಿ ನೋಡಿ ಬರ್ಬೇಕು. ಶುರುವಲ್ಲಿ ಕೆಟ್ಟದಾಗೇ ಹೋಗುತ್ತೆ, ಹೆದರಬೇಡಿ. ಹೀಗೆ ಬೆರೆಸಿ ಕಲಿತವ್ರು ಕಲಿಯೋವಾಗ ತಡವರಿಸಿದ್ರೂ ಆಮೇಲೆ ಚೆನ್ನಾಗಿ ಉಳಿಸ್ಕೊಳ್ತಾರೆ ಅಂತ ಶೀ ಮತ್ತು ಮಾರ್ಗನ್ ಅನ್ನೋ ಸಂಶೋಧಕರು 1979ರಲ್ಲೇ ತೋರ್ಸಿದ್ರು.

ಉಳಿದ ಟೈಮೆಲ್ಲ ಪಟಿಂಗ್ ಗ್ರೀನ್ ಮೇಲೆ. ಪಾರ್ 72 (18 ಹೋಲಿಗೆ ನಿಗದಿ ಹೊಡೆತ) ಅನ್ನೋ ಲೆಕ್ಕದಲ್ಲೇ 36 ಪಟ್ (ಗ್ರೀನ್ ಮೇಲೆ ಬಾಲ್ ಉರುಳಿಸೋ ಹೊಡೆತ) ಸೇರಿವೆ, ಡ್ರೈವರ್ ಹೆಚ್ಚಂದ್ರೆ 14 ಸಲ ಕೈಗೆ ಬರುತ್ತೆ. ಹೋಲಿಂದ ನಾಲ್ಕಡಿ ದೂರ ಬಾಲ್ ಇಡಿ, ಅದರ ಒಂದಡಿ ಮುಂದೆ ಬಾಲ್ ತೂರೋವಷ್ಟೇ ಜಾಗ ಬಿಟ್ಟು ಎರಡು ಟೀ ಚುಚ್ಚಿ. ಪಟರ್ ಮುಖ ಚೂರು ತಿರುಗಿದ್ರೂ ಬಾಲ್ ಟೀಗೆ ಟಕ್ ಅಂತ ಬಡಿಯುತ್ತೆ, ಬೇರೆ ಕೋಚ್ ಬೇಕಿಲ್ಲ. ಸತತ 10 ಹಾಕೋವರೆಗೂ ಮನೆಗೆ ಹೋಗ್ಬೇಡಿ, ಒಂಬತ್ತಾದ್ಮೇಲೆ ತಪ್ಪಿದ್ರೆ ಮತ್ತೆ ಒಂದರಿಂದ. ಆ ಹತ್ತನೇದಕ್ಕೆ ಕೈ ನಡುಗುತ್ತಲ್ಲ, ನಮಗೆ ಬೇಕಾಗಿರೋದು ಅದೇ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ಉದ್ದುದ್ದ ಡ್ರೈವಿಂದ ಅಲ್ಲ, ಪಟರಿಂದ.

ಪ್ರಶ್ನೆ: ಹೊಸ ಡ್ರೈವರ್ ತಗೊಂಡ್ರೆ ಸ್ಲೈಸ್ (ಬಾಲ್ ಪಕ್ಕಕ್ಕೆ ತಿರುಗೋದು) ಹೋಗುತ್ತಾ?

ಉತ್ತರ: ಹೋಗಲ್ಲ, ಆ ದುಡ್ಡಲ್ಲಿ ಪಾಠ ಹೇಳಿಸ್ಕೊಳ್ಳಿ.

ಪ್ರಶ್ನೆ: ಅಯಸ್ಕಾಂತದ ಬಳೆ ಹಾಕ್ಕೊಂಡ್ರೆ ಬ್ಯಾಲೆನ್ಸ್ ಬರುತ್ತೆ ಅಂತಾರೆ?

ಉತ್ತರ: ಸುಳ್ಳು. ಇದನ್ನ ಮಾರೋರನ್ನ ಕ್ಲಬ್ ಗೇಟಿನ ಒಳಗೆ ಬಿಡಬಾರ್ದು.

ಪ್ರಶ್ನೆ: ಸೊಂಟ ನೋವಿದೆ, ಬೆಲ್ಟ್ ಕಟ್ಕೊಂಡು ರೇಂಜಿಗೆ ಹೋಗ್ಲಾ?

ಉತ್ತರ: ಬೇಡಪ್ಪಾ. ಮೊದಲು ಡಾಕ್ಟ್ರಿಗೆ ತೋರ್ಸಿ, ಅವರು ಹೂಂ ಅಂದ್ಮೇಲೆ ಚಿಪ್ಪಿಂಗಿಂದ ಶುರು ಮಾಡಿ, ಡ್ರೈವರ್ ಆಮೇಲೆ ನೋಡೋಣ.