ವಲಸೆ ಬಂದ ಯುವಜನರು ಮತ್ತು ನಮ್ಮ ಬಡಾವಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪರದೇಶಗಳಿಂದ ಓದಲೆಂದೋ ಆಶ್ರಯ ಅರಸಿಯೋ ಬಂದವರು, ಹೊರರಾಜ್ಯಗಳಿಂದ ಹೆತ್ತವರೊಡನೆ ದುಡಿಮೆಗೆ ಬಂದವರು, ಇಲ್ಲಿಯೇ ಹುಟ್ಟಿಯೂ ಕಾಗದದಲ್ಲಿ ಪರದೇಶಿಗಳಾಗಿ ಉಳಿದವರು: ಇಂತಹ ಯುವಜನರ ಕುರಿತು ಮೈಸೂರು ಮತ್ತು ಮಂಡ್ಯ ಭಾಗದಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕಿ. ನಮ್ಮ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಅಫ್ಗಾನಿಸ್ತಾನ, ಯೆಮನ್, ಸುಡಾನ್ ಮೊದಲಾದ ದೇಶಗಳ ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ ಕೆಲವರಿಗೆ ಮನೆಯಿಂದ ಹಣ ಬರುವುದೇ ನಿಂತಿದೆಯೆಂದು ತಿಳಿದು, ನಿವಾಸಿಗಳ ಸಂಘದಿಂದ ಒಂದು ಸ್ನೇಹಕೂಟ ಏರ್ಪಡಿಸಿದೆವು. ಅವರನ್ನು ವೇದಿಕೆಗೆ ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ತಮ್ಮ ದೇಶದ ಬಗ್ಗೆ ಎರಡು ಮಾತನಾಡುವಂತೆ ಕೇಳಿಕೊಂಡೆವು. ಊಟವೂ ಚೆನ್ನಾಗಿತ್ತು. ಆದರೆ ಎರಡನೆಯ ಸಲ ಕರೆದಾಗ ಮೂವರು ಮಾತ್ರ ಬಂದರು, ಮೂರನೆಯ ಸಲ ಯಾರೂ ಬರಲಿಲ್ಲ. ನಮ್ಮಿಂದ ತಪ್ಪಾದದ್ದೆಲ್ಲಿ?
(ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು)

ಉತ್ತರ: ಮೇಡಂ, ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಸುಡಾನಿನ ಖಾರ್ಟೂಮಿನಲ್ಲಿರುವ ತಾಯಿಗೆ ಫೋನ್ ಸಿಗದೆ ದಿನಗಳನ್ನು ಎಣಿಸುತ್ತಿರುವ ಹುಡುಗನ ಕೈಗೆ ಮೈಕ್ ಕೊಟ್ಟು, ಗುರುತಿಲ್ಲದ ಜನರೆದುರು ತನ್ನ ದೇಶದ ಬಗ್ಗೆ ಎರಡು ಮಾತನಾಡು ಎಂದರೆ ಅವನು ಏನು ಹೇಳಿಯಾನು? ಆಡಿದರೆ ಕಣ್ಣೀರು, ಆಡದಿದ್ದರೆ ಕೃತಘ್ನತೆಯ ಅಳುಕು. ಜೊತೆಗೆ, ಅಂದಿನ ಚಿತ್ರಗಳು ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಹರಿದಾಡಿರಬೇಕು. ಅಫ್ಗಾನಿಸ್ತಾನದ ಹೊಸ ಆಡಳಿತಕ್ಕೆ ಹೆದರಿ ತಲೆತಪ್ಪಿಸಿಕೊಂಡಿರುವ ಕುಟುಂಬವೊಂದರ ಮಗಳಿಗೆ ತನ್ನ ಮುಖ, ಹೆಸರು ಮತ್ತು ಊರು ಹೀಗೆ ಬಯಲಾಗುವುದು ನಿಜವಾದ ಅಪಾಯ. ಆದ್ದರಿಂದ ಕೇಳದೆ ಚಿತ್ರ ತೆಗೆಯಬಾರದು, ಒಪ್ಪಿದರೂ ಸಾರ್ವಜನಿಕವಾಗಿ ಹಾಕಬಾರದು ಎಂಬುದನ್ನು ಸಂಘದ ಮೊದಲ ನಿಯಮವಾಗಿ ಬರೆದಿಡಿ.

ಇನ್ನು ಅವರ ಅನಿಶ್ಚಿತತೆ ಎಂಬುದು ಯಾವ ಯಾವ ಕಡೆಯಿಂದ ಬಂದಿದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಅಲ್ಲಿನ ಬ್ಯಾಂಕುಗಳು ಮುಚ್ಚಿದವು. ಇಲ್ಲಿ ಓದುತ್ತಿದ್ದವರಿಗೆ ಬಾಡಿಗೆ ಕಟ್ಟುವ ದಿನ ಮಾತ್ರ ಮುಂದೆ ಹೋಗಲಿಲ್ಲ. ದೆಹಲಿಯಲ್ಲಿದ್ದ ಅಫ್ಗಾನ್ ರಾಯಭಾರ ಕಚೇರಿ 2023ರಲ್ಲಿ ತನ್ನ ಕೆಲಸ ನಿಲ್ಲಿಸಿದ ಮೇಲೆ, ಅವಧಿ ಮುಗಿಯುತ್ತಿರುವ ಪಾಸ್‌ಪೋರ್ಟನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂಬುದೇ ದೊಡ್ಡ ಚಿಂತೆಯಾಯಿತು. ಅದೇ ವರ್ಷದ ಏಪ್ರಿಲ್ 15ರಂದು ಸುಡಾನಿನಲ್ಲಿ ಕದನ ಆರಂಭವಾಯಿತು. ವಿದ್ಯಾರ್ಥಿ ವೀಸಾ ಕೋರ್ಸಿಗೆ ಕಟ್ಟುಬಿದ್ದಿರುತ್ತದೆ. ಕೋರ್ಸು ಮುಗಿದರೆ ಅಥವಾ ಶುಲ್ಕ ಕಟ್ಟಲಾಗದೆ ನಿಂತರೆ ಇಲ್ಲಿರುವ ಅನುಮತಿಯೂ ಅಲುಗಾಡುತ್ತದೆ. ಭಾರತವು 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಟಿಬೆಟನ್ನರು ಮತ್ತು ಶ್ರೀಲಂಕಾದ ತಮಿಳರ ವಿಚಾರವನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಗಾನಿಸ್ತಾನದಂತಹ ದೇಶಗಳಿಂದ ಬಂದು ಆಶ್ರಯ ಕೋರುವವರು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಓದಲು ಬಂದ ಮಗು ಊರಿಗೆ ಮರಳಲಾಗದೆ ನಡುವೆಯೇ ನಿರಾಶ್ರಿತನಾಗುವುದು ಹೀಗೆ. ಇಷ್ಟನ್ನೂ ತಲೆಯಲ್ಲಿ ಹೊತ್ತವರಿಗೆ ವರ್ಷಕ್ಕೊಮ್ಮೆಯ ಹಬ್ಬದೂಟಕ್ಕಿಂತ ವಾರ ವಾರವೂ ತಪ್ಪದೆ ತೆರೆಯುವ ಒಂದು ಬಾಗಿಲಿನಿಂದ ಹೆಚ್ಚು ಉಪಕಾರವಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಭಾನುವಾರ ಸಂಜೆ 4ರಿಂದ 6 ಎಂದು ಗೊತ್ತುಮಾಡಿಕೊಳ್ಳಿ. ಶಾಲೆಯ ಒಂದು ಕೊಠಡಿಯೋ ಸಂಘದ ಕಚೇರಿಯೋ ಸಾಕು. ಒಬ್ಬರೇ ಬಂದರೂ, ಯಾರೂ ಬಾರದಿದ್ದರೂ ನಿಮ್ಮಲ್ಲಿ ಇಬ್ಬರು ಅಲ್ಲಿ ಇರಲೇಬೇಕು. ಆರಂಭದ ಕೆಲವು ವಾರ ಕುರ್ಚಿಗಳು ಖಾಲಿ ಇರಬಹುದು, ಅದಕ್ಕೆ ಬೇಸರಿಸಿ ದಿನ ಬದಲಾಯಿಸಬೇಡಿ. ಪರೀಕ್ಷೆಯ ತಿಂಗಳಲ್ಲಿ ಅದನ್ನೇ ಓದುವ ಕೊಠಡಿಯಾಗಿ ಬಿಟ್ಟುಕೊಡಿ. ರಂಜಾನ್ ತಿಂಗಳಲ್ಲಿ ಉಪವಾಸವಿರುವವರನ್ನು ಕೇಳಿ ವೇಳೆಯನ್ನು ಹೊಂದಿಸಿಕೊಳ್ಳಿ.

ನೀವು ಕನ್ನಡ ಶಿಕ್ಷಕಿಯಾದ್ದರಿಂದ ಒಂದು ಮಾತು. ವರ್ಣಮಾಲೆಯಿಂದ ಪಾಠ ಆರಂಭಿಸುವ ಆಸೆಯನ್ನು ಸ್ವಲ್ಪ ತಡೆದುಕೊಳ್ಳಿ. ಅವರಿಗೆ ಈ ವಾರವೇ ಬೇಕಾದ ಕನ್ನಡವೆಂದರೆ ನಗರ ಬಸ್ ನಿಲ್ದಾಣದಲ್ಲಿ ಫಲಕ ಓದುವುದು, ನಿರ್ವಾಹಕರಲ್ಲಿ ಚಿಲ್ಲರೆ ಕೇಳುವುದು, ಔಷಧ ಅಂಗಡಿಯಲ್ಲಿ ಊಟಕ್ಕೆ ಮೊದಲೋ ಆಮೇಲೋ ಎಂದು ವಿಚಾರಿಸುವುದು, ಮನೆ ಮಾಲೀಕರಲ್ಲಿ ಎರಡು ವಾರ ತಡೆಯಿರಿ ಎಂದು ಮರ್ಯಾದೆಯಿಂದ ಬೇಡುವುದು. ಒಂದು ಸಂಜೆ ಛಾಪಾ ಕಾಗದದ ಬಾಡಿಗೆ ಕರಾರನ್ನೇ ಪಠ್ಯವಾಗಿ ಇಟ್ಟುಕೊಳ್ಳಿ: ಮುಂಗಡ ಎಷ್ಟು, ಮನೆ ಬಿಡುವಾಗ ಬಣ್ಣ ಹೊಡೆಸುವ ಖರ್ಚೆಂದು ಅದರಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ತಿಂಗಳು ಮೊದಲು ತಿಳಿಸಬೇಕು. ಆ ಸಂಜೆ ಕೊಠಡಿ ತುಂಬದಿದ್ದರೆ ನನಗೆ ಬರೆಯಿರಿ. ಮಾನಸಗಂಗೋತ್ರಿಯಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ ಬೇರೆ ಭಾಷಿಕರಿಗೆ ಕನ್ನಡ ಕಲಿಸುವ ವಿಷಯದಲ್ಲಿ ದೀರ್ಘ ಅನುಭವವುಳ್ಳದ್ದು. ಅಲ್ಲಿಂದ ನಿವೃತ್ತರಾದವರು ನಿಮ್ಮ ಸುತ್ತಮುತ್ತಲ ಬೀದಿಗಳಲ್ಲಿಯೇ ಸಿಕ್ಕಾರು.

ಹಣದ ವಿಷಯದಲ್ಲಿ ಎಚ್ಚರ ಬೇಕು. ಪಾಪ ಎಂದು ಅಂಗಡಿಯಲ್ಲೋ ಟ್ಯೂಷನ್ನಿನಲ್ಲೋ ಸಂಬಳದ ಕೆಲಸ ಕೊಡಿಸಿದರೆ, ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಅವಕಾಶವಿಲ್ಲದ ಕಾರಣ ನಿಮ್ಮ ಉಪಕಾರವೇ ಅವರಿಗೆ ಮುಳುವಾದೀತು. ಅದರ ಬದಲು ಅವರ ಜೊತೆಗೆ ಕಾಲೇಜಿಗೆ ಅಥವಾ ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಕೇಂದ್ರಕ್ಕೆ ಹೋಗಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಲಿಖಿತವಾಗಿ ಕೇಳಿ. ವೀಸಾ, ಆಶ್ರಯ ಇತ್ಯಾದಿಗಳ ಬಗ್ಗೆ ‘ಏನೂ ಆಗೋದಿಲ್ಲ ಬಿಡಪ್ಪ’ ಎಂಬ ಸಮಾಧಾನವನ್ನು ಯಾರೂ ಕೊಡಕೂಡದು. ಅವಧಿ ಮುಗಿಯುವ ದಿನಾಂಕಗಳನ್ನು ಬರೆದಿಟ್ಟು ಎರಡು ತಿಂಗಳ ಮೊದಲೇ ನೆನಪಿಸುವ ಒಬ್ಬರಿದ್ದರೆ ಅದೇ ಅವರಿಗೆ ದೊಡ್ಡ ಆಸರೆ. ನಿದ್ದೆಗೆಟ್ಟು, ಊಟ ಬಿಟ್ಟು ಕೋಣೆಯಲ್ಲಿಯೇ ಉಳಿದವರಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿಸಿ. ಅದು 2022ರಿಂದ ನಡೆಯುತ್ತಿರುವ ಸರ್ಕಾರಿ ಸೇವೆ, ಕರೆಗೆ ಹಣ ತೆರಬೇಕಿಲ್ಲ.

ಪ್ರಶ್ನೆ: ನಮ್ಮೂರಿನ ಆಲೆಮನೆಯಲ್ಲಿ ಉತ್ತರ ಪ್ರದೇಶದಿಂದ ಬಂದ ಕುಟುಂಬವೊಂದಿದೆ. 9 ವರ್ಷದ ಹುಡುಗಿ ಮತ್ತು 16 ವರ್ಷದ ಅವಳ ಅಣ್ಣ ಇಬ್ಬರೂ ಶಾಲೆಗೆ ಹೋಗುತ್ತಿಲ್ಲ. ಹುಡುಗಿಯನ್ನು ಸೇರಿಸಲು ಹೋದಾಗ ಟಿ.ಸಿ. ಮತ್ತು ಆಧಾರ್ ಇಲ್ಲದೆ ಆಗುವುದಿಲ್ಲ ಎಂದರು. ಯುವಕ ಸಂಘದಿಂದ ನಾವೇ ರಾತ್ರಿ ಶಾಲೆ ಆರಂಭಿಸಿದರೆ ಹೇಗೆ?
(ಸಂಘದ ಕಾರ್ಯದರ್ಶಿ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ)

ಉತ್ತರ: ರಾತ್ರಿ ಶಾಲೆಯನ್ನು ಆಮೇಲೆ ನೋಡೋಣ. ಮೊದಲು ಹುಡುಗಿಯನ್ನು ಹಗಲಿನ ಶಾಲೆಗೆ ಸೇರಿಸಿ, ಅದು ಅವಳ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು ಅದರ 14ನೆಯ ಕಲಂ ಹೇಳುತ್ತದೆ, ಟಿ.ಸಿ. ತಡವಾಯಿತೆಂಬುದು ಪ್ರವೇಶ ತಡೆಯಲು ಕಾರಣವಾಗದೆಂದು 5ನೆಯ ಕಲಂ ಹೇಳುತ್ತದೆ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಂ ಹೇಳುತ್ತದೆ. ಈ ಮೂರನ್ನೂ ಬರೆದು ಮುಖ್ಯೋಪಾಧ್ಯಾಯರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ಅದೇ ಮನವಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಒಯ್ಯಿರಿ. ಜಗಳಕ್ಕೆ ಹೋಗಬೇಡಿ, ನಾಳೆ ಆ ಮಗು ಕೂರಬೇಕಾದದ್ದು ಅದೇ ಮೇಷ್ಟ್ರ ಮುಂದೆ.

ಅಣ್ಣನ ವಿಷಯ ಇದಕ್ಕಿಂತ ಕಷ್ಟದ್ದು. 16 ತುಂಬಿದವನಿಗೆ ಈ ಕಾಯ್ದೆಯ ಆಸರೆ ಇಲ್ಲ. ಆಲೆಮನೆಯ ಕೆಲಸ ನಿಮಗೆ ನಾನು ಹೇಳಬೇಕಿಲ್ಲ: ಕತ್ತಲಿರುವಾಗಲೇ ಗಾಣ ತಿರುಗುತ್ತದೆ, ಒಲೆಗೆ ಒಣ ಸಿಪ್ಪೆ ತಳ್ಳುವವನು ಕೊಪ್ಪರಿಗೆಯ ಕಾವಿನ ಪಕ್ಕದಲ್ಲಿಯೇ ದಿನ ಕಳೆಯುತ್ತಾನೆ, ಪಾಕ ಅಚ್ಚಿಗೆ ಬೀಳುವವರೆಗೆ ಕೂರುವಂತಿಲ್ಲ. 14ರಿಂದ 18ರ ಕಿಶೋರರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ ನಿಷೇಧಿಸುತ್ತದೆ. ಬೇರೆ ಕೆಲಸಗಳಲ್ಲಿಯೂ ಬಿಡುವಿನ ವೇಳೆ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಮಾಲೀಕರು ನಿಮ್ಮೂರಿನವರೇ, ಬಹುಶಃ ನಿಮ್ಮಲ್ಲಿ ಯಾರಿಗಾದರೂ ನೆಂಟರೇ ಆಗಿರುತ್ತಾರೆ. ಇದನ್ನು ಅವರಿಗೆ ತಿಳಿಯಹೇಳುವ ಕೆಲಸ ಹೊರಗಿನ ಅಧಿಕಾರಿಗಿಂತ ನಿಮ್ಮ ಸಂಘದ ಹಿರಿಯರಿಂದ ಚೆನ್ನಾಗಿ ಆಗುತ್ತದೆ. ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ಆ ಹುಡುಗನಿಗಾಗಿ ನಿಮ್ಮ ರಾತ್ರಿ ಶಾಲೆ ನಿಜವಾಗಿಯೂ ಬೇಕು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಅವನು ಹತ್ತನೆಯ ತರಗತಿಯ ಪರೀಕ್ಷೆಯನ್ನು ಹಿಂದಿಯಲ್ಲಿಯೇ ಬರೆಯಬಹುದು, ಕುಟುಂಬ ಬೇರೆ ಊರಿಗೆ ಹೋದರೂ ಆ ನೋಂದಣಿ ಕೆಡುವುದಿಲ್ಲ. ಕನ್ನಡ ಕಲಿಸಿ, ಆದರೆ ಅವನ ಹಿಂದಿ ಓದನ್ನು ಬಿಡಿಸಬೇಡಿ. ಕುಟುಂಬ ಹೊರಡುವ ಸುದ್ದಿ ತಿಳಿದ ಕೂಡಲೇ ಹುಡುಗಿಯ ಟಿ.ಸಿ. ಕೈಸೇರುವಂತೆ ನೋಡಿಕೊಳ್ಳಿ, ಹೆಚ್ಚಿನವರು ಮರೆಯುವುದು ಇದನ್ನೇ. ಅಂದಹಾಗೆ, ಅವರ ಊರಿನ ಪಡಿತರ ಚೀಟಿಗೆ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿಯೂ ಧಾನ್ಯ ಸಿಗುತ್ತದೆ.

ಪ್ರಶ್ನೆ: ನಾನು ಬೈಲಕುಪ್ಪೆಯಲ್ಲಿ ಹುಟ್ಟಿದ ಟಿಬೆಟನ್ ಯುವತಿ, ಕನ್ನಡ ಓದಲು ಬರೆಯಲು ಬಲ್ಲೆ. ನನ್ನ ಓರಗೆಯವರಲ್ಲಿ ಎಷ್ಟೋ ಮಂದಿ ಹೊರದೇಶಕ್ಕೆ ಹೋಗಿದ್ದಾರೆ. ಉಳಿದವರಿಗೆ ಇಲ್ಲಿ ನೆಲೆಯೂರುವುದೋ ಹೊರಡುವುದೋ ಎಂಬುದೇ ತೀರ್ಮಾನವಾಗದೆ ವರ್ಷಗಳು ಕಳೆಯುತ್ತಿವೆ. ಪಿರಿಯಾಪಟ್ಟಣದ ಕಡೆಯ ಯುವಕರ ಜೊತೆ ಸೇರಿ ಏನಾದರೂ ಮಾಡೋಣವೆಂದರೆ ನಮ್ಮ ಹಿರಿಯರು ನಮ್ಮ ಪಾಡಿಗೆ ನಾವಿರೋಣ ಎನ್ನುತ್ತಾರೆ.
(ಓದುಗರೊಬ್ಬರು, ಬೈಲಕುಪ್ಪೆ)

ಉತ್ತರ: ತಂಗಿ, ನಿಮ್ಮ ಹಿರಿಯರ ಮಾತನ್ನು ಹಗುರವಾಗಿ ನೋಡಬೇಡಿ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡುನೆಲವನ್ನು ಸವರಿ, ಮುಸುಕಿನ ಜೋಳ ಬಿತ್ತಿ, ಒಂದು ಊರನ್ನು ಕಟ್ಟಿದ ಪೀಳಿಗೆ ಅದು. ಅತಿಥಿಗಳಂತೆ ಸದ್ದಿಲ್ಲದೆ ಬದುಕಿದ್ದರಿಂದಲೇ ಉಳಿದೆವೆಂದು ಅವರು ನಂಬಿದ್ದರೆ ಅದಕ್ಕೆ ಕಾರಣಗಳಿವೆ. ಅವರ ಕಣ್ಣೆದುರೇ ನಡೆಯುವ ಕೆಲಸದಿಂದ ಆರಂಭಿಸಿ: ಎಸ್‌ಎಸ್‌ಎಲ್‌ಸಿ ಬರೆಯುವ ಎರಡೂ ಕಡೆಯ ಮಕ್ಕಳಿಗೆ ಗಣಿತ ಮತ್ತು ಇಂಗ್ಲಿಷ್ ಪಾಠ, ನಿಮ್ಮವರಿಗೆ ವ್ಯವಹಾರದ ಕನ್ನಡ, ಶನಿವಾರ ಸಂಜೆ ಫುಟ್‌ಬಾಲ್. ಊರು ಬಿಟ್ಟು ಹೊರಡುವ ಗೊಂದಲ ಸುತ್ತಲಿನ ಹಳ್ಳಿಗಳ ಯುವಕರಿಗೂ ಇದೆ, ಅವರದು ಬೆಂಗಳೂರಿನ ಕಡೆಗೆ. ಉದ್ಯೋಗ ಮಾರ್ಗದರ್ಶನವನ್ನು ಇಬ್ಬರಿಗೂ ಒಟ್ಟಿಗೇ ಇಡುವುದರಲ್ಲಿ ಅರ್ಥವಿದೆ.

ತೀರ್ಮಾನಕ್ಕೆ ಬರಲು ಮಾಹಿತಿ ಬೇಕು, ಅದು ನಿಮ್ಮಲ್ಲಿ ಬಹಳ ಮಂದಿಗೆ ಅರ್ಧಂಬರ್ಧ ತಿಳಿದಿರುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ 3ನೆಯ ಕಲಮಿನಂತೆ ಜನ್ಮತಃ ಭಾರತೀಯರು. ಅಲ್ಲಿಂದ 2004ರ ಡಿಸೆಂಬರ್ 3ರ ಮುನ್ನ ಹುಟ್ಟಿದವರ ವಿಷಯದಲ್ಲಿ, ಹುಟ್ಟಿದಾಗ ತಂದೆ ತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು; ಆಮೇಲೆ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ಅಂದರೆ ನಿಮ್ಮ ಸ್ಥಾನ ನಿಮ್ಮ ತಾಯಿಯ ಜನನ ಪತ್ರದಲ್ಲಿ ಅಡಗಿರಬಹುದು. ಪೌರತ್ವ ಪಡೆಯುವುದು, ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪ್ರಮಾಣಪತ್ರದ ಮೇಲೆಯೇ ಉಳಿಯುವುದು, ಎರಡಕ್ಕೂ ಸಮುದಾಯದ ಒಳಗೆ ಗೌರವದ ಕಾರಣಗಳಿವೆ. ಆ ಆಯ್ಕೆಯಲ್ಲಿ ನಾನು ತಲೆಹಾಕುವುದಿಲ್ಲ. ಪೌರತ್ವ ಬೇಡವೆನ್ನುವವರಿಗೂ 2014ರ ಟಿಬೆಟನ್ ಪುನರ್ವಸತಿ ನೀತಿ ಉದ್ಯೋಗ ಮತ್ತು ವ್ಯಾಪಾರದ ಅವಕಾಶ, ಕೆಲವು ಸರ್ಕಾರಿ ಯೋಜನೆಗಳ ಪ್ರಯೋಜನ ಸಿಗಬೇಕೆಂದು ಹೇಳಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರೊಬ್ಬರನ್ನು ಕರೆಸಿ ಒಂದು ದಿನದ ಶಿಬಿರ ಮಾಡಿಸಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆಂಬುದು ನಿಮಗೆ ಅನುಕೂಲ.

ಮೈಸೂರಿನ ವಿದೇಶಿ ವಿದ್ಯಾರ್ಥಿಗಳನ್ನು ನಿಮ್ಮಲ್ಲಿಗೆ ಶಿಬಿರಕ್ಕೆ ಕರೆಯುವ ಯೋಚನೆಯಿದ್ದರೆ ಒಂದು ಸೂಚನೆ: ವಸಾಹತಿನಲ್ಲಿ ಪರದೇಶದವರು ತಂಗಲು ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆ ಕೂಟವನ್ನು ಮೈಸೂರಿನಲ್ಲಿಯೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮನೆಯ ಮಹಡಿಯನ್ನು ಯೆಮನ್ ದೇಶದ ವಿದ್ಯಾರ್ಥಿಗಳಿಬ್ಬರು ಬಾಡಿಗೆಗೆ ಕೇಳುತ್ತಿದ್ದಾರೆ. ಹುಡುಗರು ಒಳ್ಳೆಯವರೇ, ಆದರೆ ಪೊಲೀಸ್ ಗೋಜು ಬರುತ್ತದೆಂದು ಮನೆಯಲ್ಲಿ ಹೆದರುತ್ತಿದ್ದಾರೆ.
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಕೊಡಬಹುದು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿಯೂ, ಅದಕ್ಕೂ ಮುನ್ನ ಇದ್ದ ಕಾನೂನಿನಲ್ಲಿಯೂ ಮನೆ ಕೊಡುವುದು ತಪ್ಪಲ್ಲ, ಕೊಟ್ಟು ತಿಳಿಸದಿರುವುದು ತಪ್ಪು. ಅವರು ಬಂದ 24 ಗಂಟೆಯೊಳಗೆ ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದ, ಈಗ ಫಾರ್ಮ್ III ಆಗಿರುವ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ, ಪಾಸ್‌ಪೋರ್ಟ್, ವೀಸಾ ಮತ್ತು ಕಾಲೇಜಿನ ಪತ್ರದ ಪ್ರತಿಗಳನ್ನು ಇಟ್ಟುಕೊಳ್ಳಿ. ಮೂಲ ಪಾಸ್‌ಪೋರ್ಟನ್ನು ಒತ್ತೆಯಂತೆ ಇರಿಸಿಕೊಳ್ಳುವ ಕೆಟ್ಟ ರೂಢಿ ಕೆಲವರಲ್ಲಿದೆ, ಅದು ಬೇಡ. ಕರಾರನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಡಿ, 11 ತಿಂಗಳು ಮುಗಿಯುವ ಮೊದಲೇ ನವೀಕರಿಸಿ. ವೀಸಾ ವಿಸ್ತರಣೆಯ ಅರ್ಜಿಯಲ್ಲಿ ಅವರು ವಿಳಾಸಕ್ಕೆ ಆಧಾರವಾಗಿ ತೋರಿಸಬೇಕಾದದ್ದು ನಿಮ್ಮ ಸಹಿಯಿರುವ ಆ ಕಾಗದವನ್ನೇ.